ಹುಂಡಿ ಇಡುವುದಕ್ಕೆ ಮೊದಲು

(ಚಿತ್ರದುರ್ಗದಲ್ಲಿ ಪ್ರೌಢಶಾಲೆಗಳ ಸಮಾಜ ವಿಜ್ಞಾನ ಶಿಕ್ಷಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಮಿತ್ರರೇ,

ನಿರಾಶ್ರಿತರ ವಿಷಯವನ್ನು ಶಾಲೆಯ ಮಕ್ಕಳಿಗೆ ಹೇಗೆ ಕಲಿಸಬೇಕು, ಅವರ ಕೈಯಿಂದಲೇ ಒಂದಿಷ್ಟು ಹಣ ಕೂಡಿಸಿ ಕಳಿಸುವ ಕೆಲಸವನ್ನು ಹೇಗೆ ಮಾಡಿಸಬೇಕು ಎಂದು ಹೇಳಲು ನನ್ನನ್ನು ಕರೆದಿದ್ದೀರಿ. ಹೇಗೆ ಮಾಡಬಾರದು ಎಂಬುದು ನನಗೆ ಹೆಚ್ಚು ಚೆನ್ನಾಗಿ ಗೊತ್ತಿರುವುದರಿಂದ ಅಲ್ಲಿಂದಲೇ ತೊಡಗುತ್ತೇನೆ.

2017ರ ಆಗಸ್ಟ್ 25ರ ನಂತರದ ಕೆಲವೇ ತಿಂಗಳುಗಳಲ್ಲಿ ಮ್ಯಾನ್ಮಾರಿನ ರಖೈನ್ ಪ್ರಾಂತದಿಂದ 7 ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾ ಜನರು ಗಡಿ ದಾಟಿ ಬಾಂಗ್ಲಾದೇಶದ ಕಾಕ್ಸ್ ಬಜಾರ್ ಸೀಮೆಗೆ ಬಂದರು. ನಾನಾಗ ಈ ಜಿಲ್ಲೆಯ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಪತ್ರಿಕೆಯಲ್ಲಿ ದಿನವೂ ಬರುತ್ತಿದ್ದ ಚಿತ್ರಗಳನ್ನು ನೋಡಿ ನಮ್ಮ ಮಕ್ಕಳಿಂದ ಏನಾದರೂ ಮಾಡಿಸಬೇಕೆನ್ನಿಸಿತು. ಒಂದು ಬಿಸ್ಕತ್ತಿನ ಡಬ್ಬಕ್ಕೆ ಬಣ್ಣದ ಕಾಗದ ಸುತ್ತಿ, ಮುಚ್ಚಳದಲ್ಲಿ ಸೀಳು ಕೊಯ್ದು, ಮುಂಭಾಗಕ್ಕೆ ಕೆಸರಿನಲ್ಲಿ ನಿಂತು ಅಳುತ್ತಿದ್ದ ಒಂದು ಮಗುವಿನ ಚಿತ್ರವನ್ನು ಕತ್ತರಿಸಿ ಅಂಟಿಸಿದೆ. ಪ್ರಾರ್ಥನೆಯ ಹೊತ್ತಿನಲ್ಲಿ ಹತ್ತು ನಿಮಿಷ ಮನಕರಗುವಂತೆ ಮಾತಾಡಿದೆ. ಹೆಚ್ಚು ಹಣ ತಂದವರಿಗೆ ಬಹುಮಾನ ಎಂದೂ ಸಾರಿದೆ. ಮೂರನೆಯ ದಿನಕ್ಕೆ ಡಬ್ಬ ಭಾರವಾಯಿತು. ಬಹುಮಾನ, ನೀವು ಊಹಿಸಿದಂತೆಯೇ, ಶೇಂಗಾ ಮಂಡಿಯವರ ಮಗನಿಗೆ ಹೋಯಿತು. ಅವನು ಮನೆಯಿಂದ ಐನೂರರ ಒಂದು ನೋಟು ತಂದಿದ್ದ, ಅಷ್ಟೇ.

ಅಂದು ಸಂಜೆ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ಡಬ್ಬದ ಮುಂದೆ ನಿಂತು ಆ ಚಿತ್ರವನ್ನು ಬಹಳ ಹೊತ್ತು ನೋಡುತ್ತಿದ್ದಳು. ನಾನು ಹತ್ತಿರ ಹೋದಾಗ ಕೇಳಿದಳು: "ಸರ್, ಹೋದ ವರ್ಷ ಬರ ಬಂದಾಗ ನಾವೂ ಗುಳೆ ಹೋಗಿದ್ವಿ. ಬೆಂಗ್ಳೂರಲ್ಲಿ ನಮ್ದೂ ಫೋಟೋ ತಗೊಂಡಿದ್ರು. ಹಿಂಗೇ ಯಾವ್ದಾದ್ರೂ ಡಬ್ಬಕ್ಕೆ ಅಂಟಿಸಿರ್ತಾರಾ?" ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ತಿಳಿದುಕೊಳ್ಳಬೇಕೆಂದೇ ಕೇಳಿದ್ದಳು. ನನ್ನ ಬಳಿ ಉತ್ತರವಿರಲಿಲ್ಲ. ಚಿತ್ರವನ್ನು ಕಿತ್ತೆ. ಗೋಂದಿನ ಗುರುತು ಡಬ್ಬದ ಮೇಲೆ ಉಳಿಯಿತು.

ಆ ಮೂರು ದಿನಗಳಲ್ಲಿ ನಮ್ಮ ಮಕ್ಕಳು ನಿರಾಶ್ರಿತರ ಬಗ್ಗೆ ಏನು ಕಲಿತರು ಎಂದು ನಂತರ ಯೋಚಿಸಿದೆ. ದೂರದಲ್ಲೆಲ್ಲೋ ಅಳುವ ಜನರಿದ್ದಾರೆ, ಇಲ್ಲಿ ಕೊಡುವ ಜನರಿದ್ದಾರೆ ಎಂದಷ್ಟೇ ಕಲಿತಿದ್ದರು. ಅವರೇಕೆ ಬಂದರು, ಎಲ್ಲಿಗೆ ಬಂದರು, ಅಲ್ಲಿ ದಿನಕ್ಕೆ ಎಷ್ಟು ನೀರು ಸಿಗುತ್ತದೆ, ನಮ್ಮ ಹಣ ಯಾರ ಕೈ ಸೇರುತ್ತದೆ, ಯಾವುದೂ ಅವರಿಗೆ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಗೊತ್ತಿರಲಿಲ್ಲ. ಮರುವರ್ಷದಿಂದ ಕ್ರಮವನ್ನು ತಿರುವುಮುರುವು ಮಾಡಿದೆ. ಮೊದಲು ಅಳತೆ, ಲೆಕ್ಕ, ಕಾಗದಪತ್ರ, ಮಾತುಕತೆ; ಹಣದ ಮಾತು ಎಲ್ಲಕ್ಕಿಂತ ಕೊನೆಗೆ. ಇವತ್ತು ನಿಮ್ಮ ಮುಂದಿಡುವುದು ಆ ಒಂದೇ ಸಂಗತಿಯನ್ನು.

ಹೊಸ ಕ್ರಮ ಶುರುವಾದದ್ದು ನಮ್ಮ ತಂದೆಯ ಹಳೆಯ ಕಾಗದಗಳಿಂದ. ಹಿಂದೆ ಮನೆಗೆ ಬಂದ ಪತ್ರಗಳನ್ನೆಲ್ಲ ಕೊಕ್ಕೆಯಂತೆ ಬಾಗಿಸಿದ ತಂತಿಗೆ ಚುಚ್ಚಿ ಗೋಡೆಗೆ ತೂಗುಹಾಕುತ್ತಿದ್ದರು. ನಿಮ್ಮಲ್ಲಿ ಹಿರಿಯರಿಗೆ ನೆನಪಿರುತ್ತದೆ. ದಾವಣಗೆರೆಯ ಹತ್ತಿ ಗಿರಣಿಯಲ್ಲಿದ್ದ ನಮ್ಮ ಸೋದರಮಾವ 1972ರಲ್ಲಿ ಬರೆದ ಒಂದು ಲಕೋಟೆ ಆ ತಂತಿಯಲ್ಲಿತ್ತು. ಅದರ ಮೇಲೆ ಮಾಮೂಲಿನ ಅಂಚೆಚೀಟಿಯ ಪಕ್ಕದಲ್ಲಿ 5 ಪೈಸೆಯ ಇನ್ನೊಂದು ಚಿಕ್ಕ ಚೀಟಿಯಿತ್ತು. 1971ರಲ್ಲಿ ಪೂರ್ವ ಪಾಕಿಸ್ತಾನದಿಂದ (ಇಂದಿನ ಬಾಂಗ್ಲಾದೇಶ) ಸುಮಾರು 1 ಕೋಟಿ ಜನ ಭಾರತಕ್ಕೆ ಓಡಿಬಂದಾಗ ಅವರ ಖರ್ಚಿಗೆಂದು ಭಾರತ ಸರ್ಕಾರವು ಆ ವರ್ಷದ ನವೆಂಬರ್ 15ರಿಂದ ಅಂಚೆಯ ಮೇಲೆ 5 ಪೈಸೆಯ ಹೆಚ್ಚುವರಿ ತೆರಿಗೆ ಹಾಕಿತು. 1973ರ ಮಾರ್ಚ್ 31ರವರೆಗೂ ಅದು ನಡೆಯಿತು. ಆರಂಭದಲ್ಲಿ ಹೊಸ ಚೀಟಿ ಮುದ್ರಿಸಲು ಸಮಯವಿಲ್ಲದೆ ಕುಟುಂಬ ಯೋಜನೆಯ 5 ಪೈಸೆ ಚೀಟಿಯ ಮೇಲೆಯೇ ಅಕ್ಷರ ಒತ್ತಿ ಮಾರಿದರು.

ಆ ಲಕೋಟೆಯನ್ನು ತರಗತಿಯಲ್ಲಿ ಕೈಯಿಂದ ಕೈಗೆ ಹರಿಯಬಿಟ್ಟೆ. ಒಬ್ಬ ಹುಡುಗ ಚೀಟಿಯ ಮೇಲಿನ ಹಿಂದಿ ಅಕ್ಷರಗಳನ್ನು ಕೂಡಿಸಿ ಓದಿ, "ಸರ್, ಇಲ್ಲಿ ಶರಣಾರ್ಥಿ ಅಂತ ಐತೆ, ಯಾರಿಗೆ ನಮಸ್ಕಾರ ಹೇಳ್ತಿದಾರೆ?" ಎಂದ. ತರಗತಿಯೆಲ್ಲ ನಕ್ಕಿತು. ಅವನ ತಪ್ಪೇನೂ ಇರಲಿಲ್ಲ. ನಮ್ಮ ಕಡೆ "ಶರಣು ಶರಣಾರ್ಥಿ" ಎಂದರೆ ಎದುರು ಬಂದವರಿಗೆ ಕೈಮುಗಿಯುವ ಮಾತು; ಹಿಂದಿಯಲ್ಲಿ ಅದೇ ಪದ ಆಶ್ರಯ ಕೇಳಿ ಬಂದವರ ಹೆಸರು. ನಮ್ಮ 'ನಿರಾಶ್ರಿತ' ಎಂಬ ಪದಕ್ಕಾದರೋ ಆಶ್ರಯವಿಲ್ಲದವನು ಎಂಬುದಷ್ಟೇ ಅರ್ಥ. ನೆರೆಯಲ್ಲಿ ಮನೆ ಬಿದ್ದವರನ್ನೂ ಹಾಗೆಯೇ ಕರೆಯುತ್ತೇವೆ. ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ಹಿಡಿದು ತಂದವರನ್ನು ಇರಿಸುವ ಸರ್ಕಾರಿ ಕೇಂದ್ರಕ್ಕೂ 'ನಿರಾಶ್ರಿತರ ಪರಿಹಾರ ಕೇಂದ್ರ' ಎಂದೇ ಹೆಸರು. ಹೀಗಾಗಿ ನಮ್ಮ ಮಕ್ಕಳ ತಲೆಯಲ್ಲಿ ನಿರಾಶ್ರಿತ ಎಂದರೆ ಭಿಕ್ಷುಕ ಎಂಬ ಚಿತ್ರ ಮೊದಲೇ ಕುಳಿತಿರುತ್ತದೆ. ಡಬ್ಬದ ಮೇಲಿನ ನನ್ನ ಅಳುವ ಮಗು ಅದನ್ನೇ ಇನ್ನಷ್ಟು ಗಟ್ಟಿಮಾಡಿತ್ತು.

ಈ ಪದದ ಗೊಂದಲವನ್ನು ಬಿಡಿಸಲು ಎರಡು ಪೂರ್ತಿ ಅವಧಿ ಕೊಡಿ, ಅವಸರ ಮಾಡಬೇಡಿ. ಜಿನೀವಾದಲ್ಲಿ 1951ರ ಜುಲೈ 28ರಂದು ಅಂಗೀಕಾರವಾದ ಒಪ್ಪಂದವು ಜನಾಂಗ, ಧರ್ಮ, ರಾಷ್ಟ್ರೀಯತೆ, ನಿರ್ದಿಷ್ಟ ಸಾಮಾಜಿಕ ಗುಂಪಿನ ಸದಸ್ಯತ್ವ, ರಾಜಕೀಯ ಅಭಿಪ್ರಾಯ ಎಂಬ ಐದು ಕಾರಣಗಳಲ್ಲಿ ಯಾವುದಾದರೊಂದಕ್ಕಾಗಿ ಹಿಂಸೆಗೆ ಗುರಿಯಾಗುವ ಸಕಾರಣವಾದ ಭಯದಿಂದ ತನ್ನ ದೇಶದ ಹೊರಗಿರುವ, ಆ ಭಯದಿಂದಾಗಿಯೇ ಹಿಂತಿರುಗಲಾರದ ವ್ಯಕ್ತಿಯನ್ನು ನಿರಾಶ್ರಿತ ಎನ್ನುತ್ತದೆ. ಕಪ್ಪುಹಲಗೆಯ ಮೇಲೆ ಇದನ್ನು ಬರೆದು, ಪಕ್ಕದಲ್ಲಿ ನಮ್ಮದೇ ಮಾತುಗಳನ್ನು ಇಡಿಸಿದೆ: ಗುಳೆ ಹೋದವರು, ಮುಳುಗಡೆಯವರು, ನೆರೆ ಸಂತ್ರಸ್ತರು. ಜಗಳೂರು, ಮೊಳಕಾಲ್ಮೂರು, ಚಳ್ಳಕೆರೆ ಕಡೆಯಿಂದ ಮಳೆ ಕೈಕೊಟ್ಟ ವರ್ಷ ಬೆಂಗಳೂರಿಗೋ ಮಲೆನಾಡಿನ ತೋಟಗಳಿಗೋ ಹೊರಡುವ ಕುಟುಂಬ ಗಡಿ ದಾಟುವುದಿಲ್ಲ, ಅದನ್ನು ಯಾರೂ ಅಟ್ಟಿಸಿಕೊಂಡು ಬರುವುದಿಲ್ಲ, ಮುಂಗಾರು ಬಿದ್ದರೆ ಅದು ಊರಿಗೆ ಮರಳಬಹುದು. ಲಿಂಗನಮಕ್ಕಿಯ ನೀರಿನಲ್ಲಿ ಮನೆ ಮುಳುಗಿದವರು ಮರಳಲಾರರು, ಆದರೂ ಅವರು ತಮ್ಮ ದೇಶದಲ್ಲೇ ಇದ್ದಾರೆ. ಹಾಗೆಂದು ಗೆರೆಗಳು ಯಾವಾಗಲೂ ಇಷ್ಟು ಸ್ಪಷ್ಟವಾಗಿರುವುದಿಲ್ಲ. ಅದೇ ಪೂರ್ವ ಪಾಕಿಸ್ತಾನದ ಚಿತ್ತಗಾಂಗ್ ಬೆಟ್ಟಗಳ ಚಕ್ಮಾ ಜನರಲ್ಲಿ ಎಷ್ಟೋ ಮಂದಿ 1960ರ ದಶಕದಲ್ಲಿ ಕಪ್ತಾಯಿ ಅಣೆಕಟ್ಟೆಯಿಂದ ಭೂಮಿ ಕಳೆದುಕೊಂಡು, ಅದರ ಮೇಲೆ ಕಿರುಕುಳವನ್ನೂ ಅನುಭವಿಸಿ ಭಾರತಕ್ಕೆ ಬಂದರು. ಮುಳುಗಡೆಯವರೇ ನಿರಾಶ್ರಿತರೂ ಆದ ಕಥೆ ಇದು. ಗೆರೆ ಎಳೆಯುವುದನ್ನೂ ಗೆರೆ ಮಸುಕಾಗುವುದನ್ನೂ ಮಕ್ಕಳು ಒಟ್ಟಿಗೇ ನೋಡಲಿ.

ಗುಳೆ ಹೋಗಿ ಬಂದಿದ್ದ ಆ ಹುಡುಗಿ ಈಗ ಹತ್ತನೆಯ ತರಗತಿಯಲ್ಲಿದ್ದಳು. ಎರಡು ಪಟ್ಟಿಗಳನ್ನೂ ನೋಡಿ, "ಹಂಗಾದ್ರೆ ನಾವು ನಿರಾಶ್ರಿತರಲ್ಲ, ಆದ್ರೆ ಬೆಂಗ್ಳೂರಲ್ಲಿ ನಮ್ಮ ಶೆಡ್ಡು ಅವರ ಕ್ಯಾಂಪಿನಂಗೇ ಇತ್ತು" ಎಂದಳು. ಕಾನೂನಿನ ಹೆಸರು ಬೇರೆ, ಬದುಕಿನ ಅಳತೆ ಒಂದೇ ಇರಬಹುದು ಎಂಬುದನ್ನು ನಾನು ಇನ್ನೊಂದು ಅವಧಿ ತೆಗೆದುಕೊಂಡು ಹೇಳಬೇಕೆಂದಿದ್ದೆ. ಅವಳು ಒಂದೇ ಮಾತಿನಲ್ಲಿ ಮುಗಿಸಿದಳು.

ಅಂಕಿ ಅಂಶಗಳನ್ನು ಹೆಚ್ಚು ಸುರಿಯಬೇಡಿ. ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಕಚೇರಿಯ ಲೆಕ್ಕದಂತೆ 2024ರ ಕೊನೆಗೆ ಬಲವಂತವಾಗಿ ನೆಲೆ ಕಳೆದುಕೊಂಡವರು ಜಗತ್ತಿನಲ್ಲಿ 12 ಕೋಟಿ 32 ಲಕ್ಷ. ಇವರಲ್ಲಿ 7 ಕೋಟಿ 35 ಲಕ್ಷ ಜನ ತಮ್ಮ ದೇಶದೊಳಗೇ ಬೇರೆಡೆ ಇದ್ದಾರೆ. ಗಡಿ ದಾಟಿದವರಲ್ಲಿಯೂ ಮೂರರಲ್ಲಿ ಎರಡು ಪಾಲು ಪಕ್ಕದ ದೇಶದಲ್ಲೇ ನಿಂತಿದ್ದಾರೆ. ನಿರಾಶ್ರಿತರೆಲ್ಲ ಹಡಗು ಹತ್ತಿ ಶ್ರೀಮಂತ ದೇಶಗಳಿಗೆ ಹೋಗುತ್ತಾರೆಂಬ ಭಾವನೆಯನ್ನು ಅಳಿಸಲು ಇಷ್ಟು ಸಾಕು.

ಇನ್ನು ನಮ್ಮ ಊರಿನ ಮಾತು. ಇಲ್ಲಿಂದ ದಾವಣಗೆರೆಯ ಕಡೆಗೆ ಹೋಗುವಾಗ ಹೆದ್ದಾರಿಯ ಪಕ್ಕದ ಸೀಬಾರದಲ್ಲಿ ಎಸ್. ನಿಜಲಿಂಗಪ್ಪನವರ ಸ್ಮಾರಕವನ್ನು ನೀವೆಲ್ಲ ನೂರು ಸಲ ದಾಟಿದ್ದೀರಿ. ಅದನ್ನು ಉದ್ಘಾಟಿಸಿದವರು ದಲೈ ಲಾಮಾ. ಏಕೆ ಅವರು ಎಂದು ಮಕ್ಕಳನ್ನು ಕೇಳಿ, ಒಂದು ವಾರ ಕೊಟ್ಟು ಹುಡುಕಲು ಬಿಡಿ. 1959ರ ಮಾರ್ಚ್‌ನಲ್ಲಿ ದಲೈ ಲಾಮಾ ಲ್ಹಾಸಾ ಬಿಟ್ಟು ಭಾರತಕ್ಕೆ ಬಂದರು, ಅವರ ಹಿಂದೆ ಸಾವಿರಾರು ಟಿಬೆಟನ್ನರು ಬಂದರು. ಅವರಿಗೆ ನೆಲ ಕೊಡಲು ಮುಂದಾದ ರಾಜ್ಯಗಳಲ್ಲಿ ಅಂದಿನ ಮೈಸೂರು ಮುಖ್ಯವಾದುದು. ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕಾಡುನೆಲದಲ್ಲಿ ಮೊದಲ ವಸಾಹತು 1960ರ ಕೊನೆಗೆ ಶುರುವಾದಾಗ ಮುಖ್ಯಮಂತ್ರಿಯಾಗಿದ್ದವರು ಬಿ.ಡಿ. ಜತ್ತಿ, 1966ರಲ್ಲಿ ಮುಂಡಗೋಡದ ವಸಾಹತು ಆದಾಗ ನಿಜಲಿಂಗಪ್ಪನವರು. ನಮ್ಮ ಜಿಲ್ಲೆಯ ಅಭಿಮಾನದಲ್ಲಿ ಎಲ್ಲವನ್ನೂ ನಿಜಲಿಂಗಪ್ಪನವರ ಲೆಕ್ಕಕ್ಕೆ ಬರೆಯುವ ರೂಢಿಯಿದೆ, ಭಾಷಣಗಳಲ್ಲಂತೂ ಸರಿಯೇ ಸರಿ. ಇಸವಿಗಳನ್ನು ಮಕ್ಕಳೇ ಎದುರುಬದುರು ಇಟ್ಟು ನೋಡಿದರೆ ಅಭಿಮಾನಕ್ಕೆ ಕುಂದೇನೂ ಬರುವುದಿಲ್ಲ. ಹಿಮದ ನಾಡಿನಿಂದ ಬಂದವರು ಈ ಸೆಕೆಯಲ್ಲಿ ಕಾಡು ಕಡಿದು, ಆನೆಗಳ ಕಾಟ ಸಹಿಸಿ ಮೆಕ್ಕೆಜೋಳ ಬಿತ್ತಿದ್ದು ಹೇಗೆಂಬುದು ಅದಕ್ಕಿಂತ ದೊಡ್ಡ ಪಾಠ.

ಆ ಪಾಠ ಹೇಳಲು ಬೈಲಕುಪ್ಪೆಗೆ ಪ್ರವಾಸ ಹೋಗಲೇಬೇಕೆಂದಿಲ್ಲ. ಚಳಿಗಾಲ ಬಂತೆಂದರೆ ನಮ್ಮ ಊರುಗಳಿಗೇ ಸ್ವೆಟರ್ ಮಾರುವ ಟಿಬೆಟನ್ನರು ಬಂದು ಸಾಲಾಗಿ ಅಂಗಡಿ ಹಾಕುತ್ತಾರೆ. ಒಂದು ವರ್ಷ ಡಿಸೆಂಬರಿನಲ್ಲಿ ಆರು ಮಂದಿ ವಿದ್ಯಾರ್ಥಿಗಳನ್ನು ಕರೆದುಕೊಂಡು, ಮೊದಲೇ ಹೋಗಿ ಅನುಮತಿ ಕೇಳಿಟ್ಟಿದ್ದ ಒಂದು ಅಂಗಡಿಗೆ ಹೋದೆ. ಮಕ್ಕಳು ಪ್ರಶ್ನೆಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬಂದಿದ್ದರು. ಮೊದಲ ಪ್ರಶ್ನೆ: "ಆಂಟಿ, ನಿಮ್ಮ ದೇಶ ಬಿಟ್ಟು ಬಂದಾಗ ನಿಮಗೆ ಹೇಗನ್ನಿಸಿತು?" ಆಕೆ ಸ್ವೆಟರ್ ಮಡಚುತ್ತಲೇ ಅಪ್ಪಟ ಮುಂಡಗೋಡದ ಕನ್ನಡದಲ್ಲಿ, "ನಾ ಎಲ್ಲಿಂದನೂ ಬಂದಿಲ್ಲ ತಮ್ಮಾ, ಮುಂಡಗೋಡದಾಗ ಹುಟ್ಟೇನಿ. ಬಂದಾಕಿ ನಮ್ಮವ್ವ" ಎಂದರು. ಹುಡುಗ ನೋಟ್‌ಬುಕ್ ತಿರುವಿದ. ಬರೆದು ತಂದಿದ್ದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಕೆಲಸಕ್ಕೆ ಬಾರದೆ ಹೋದವು. ಸ್ವೆಟರುಗಳನ್ನು ವಸಾಹತಿನಲ್ಲಿ ಕೈಯಿಂದ ಹೆಣೆಯುತ್ತಾರೆಂದು ಮಕ್ಕಳು ನಂಬಿದ್ದರು. ಅವು ಲುಧಿಯಾನದ ಸಗಟು ವ್ಯಾಪಾರಿಗಳಿಂದ ಬರುವ ಮಾಲು ಎಂದು ತಿಳಿದಾಗ ಒಬ್ಬಳಿಗೆ ಮೋಸವಾದಂತೆಯೇ ಅನ್ನಿಸಿತು, ಮುಖದಲ್ಲಿ ಕಾಣುತ್ತಿತ್ತು.

"ಇಲ್ಲೇ ಹುಟ್ಟಿದೀರಿ ಅಂದ್ರೆ ನೀವು ಇಂಡಿಯನ್ ಅಲ್ವಾ?" ಎಂದು ಇನ್ನೊಬ್ಬ ಕೇಳಿದ. ಆಕೆ ಪ್ಲಾಸ್ಟಿಕ್ ಕವರಿನೊಳಗಿನ, ವಿದೇಶಿಯರಿಗೆ ಕೊಡುವ ನೋಂದಣಿ ಪತ್ರವನ್ನು ದೂರದಿಂದಲೇ ತೋರಿಸಿ, ಕಾಲಕಾಲಕ್ಕೆ ಅದನ್ನು ನವೀಕರಿಸಿಕೊಳ್ಳಬೇಕೆಂದು ಹೇಳಿ, ಫೋಟೋ ತೆಗೆಯಬೇಡಿ ಎಂದರು. ಮಕ್ಕಳು ಫೋನನ್ನು ಜೇಬಿಗಿಳಿಸಿದರು. 1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮೊದಲು ಭಾರತದಲ್ಲಿ ಹುಟ್ಟಿದವರು ಪೌರತ್ವ ಕಾಯ್ದೆಯಂತೆ ಹುಟ್ಟಿನಿಂದಲೇ ನಾಗರಿಕರು, ಆಮೇಲೆ ಹುಟ್ಟಿದವರಿಗೆ ನಿಯಮ ಬೇರೆ. ಆಕೆ ಆಮೇಲೆ ಹುಟ್ಟಿದವರು. ಒಂದೇ ಮನೆಯಲ್ಲಿ ಅಣ್ಣ ಒಂದು ಕಡೆ, ತಂಗಿ ಇನ್ನೊಂದು ಕಡೆ ಬೀಳಬಹುದಾದ ಈ ಗೆರೆಯನ್ನು ನಾನು ಕಪ್ಪುಹಲಗೆಯ ಮೇಲೆ ವಿವರಿಸಿದ್ದರೆ ಯಾರೂ ಕಿವಿಗೊಡುತ್ತಿರಲಿಲ್ಲ. ಹೊರಡುವಾಗ ಆಕೆ, "ನಿಮ್ಮ ಕಡೆ ಮಳಿ ಹೆಂಗಾತು? ನಮ್ಮ ಗೋವಿನಜೋಳ ಒಣಗೇತಿ" ಎಂದರು. ನಮ್ಮ ಮಕ್ಕಳಿಗೆ ಅದು ಮೆಕ್ಕೆಜೋಳ. ಎರಡು ಹೆಸರೂ ಒಂದೇ ಬೆಳೆಯದು ಎಂದು ತಿಳಿದ ಕೂಡಲೇ ಮಾತು ಗೊಬ್ಬರ, ರೇಟು, ಹಂದಿ ಕಾಟದ ಕಡೆಗೆ ಹರಿದು, ಇನ್ನೂ ಅರ್ಧ ಗಂಟೆ ನಡೆಯಿತು. ಡಬ್ಬದ ಮೇಲಿನ ಚಿತ್ರಕ್ಕೆ ಈ ಅರ್ಧ ಗಂಟೆಯೇ ಉತ್ತರವೆಂದು ನನಗೆ ತೋರುತ್ತದೆ.

ಮುಂದಿನದು ಅಳತೆ. ನೆರವಿನ ಸಂಸ್ಥೆಗಳು ಸೇರಿ ರೂಪಿಸಿಕೊಂಡಿರುವ ಸ್ಫಿಯರ್ ಎಂಬ ಕೈಪಿಡಿಯಲ್ಲಿ ಶಿಬಿರದಲ್ಲಿರುವ ಮನುಷ್ಯನಿಗೆ ಕನಿಷ್ಠ ಏನು ಬೇಕೆಂಬುದಕ್ಕೆ ಅಂಕಿಗಳಿವೆ: ತಲೆಗೆ 3.5 ಚದರ ಮೀಟರ್ ಸೂರು, ದಿನಕ್ಕೆ 15 ಲೀಟರ್ ನೀರು, 250 ಜನಕ್ಕೆ ಒಂದು ನಲ್ಲಿ, ನೀರಿನ ಜಾಗ 500 ಮೀಟರಿಗಿಂತ ದೂರವಿರಕೂಡದು, 20 ಜನಕ್ಕೆ ಒಂದು ಶೌಚಾಲಯ. ಸೀಮೆಸುಣ್ಣ, ಅಳತೆ ಟೇಪು, ಒಂದು ಕೊಡ ಇದ್ದರೆ ಇಷ್ಟನ್ನೂ ಶಾಲೆಯ ಅಂಗಳದಲ್ಲಿ ಮಾಡಿ ನೋಡಬಹುದು.

ಐದು ಜನರ ಕುಟುಂಬಕ್ಕೆ 17.5 ಚದರ ಮೀಟರ್. ಉದ್ದ 5 ಮೀಟರ್, ಅಗಲ 3.5 ಮೀಟರ್ ಗೆರೆ ಎಳೆದು ಐವರು ಮಕ್ಕಳನ್ನು ಒಳಗೆ ಮಲಗಲು ಹೇಳಿದೆವು. ಆಮೇಲೆ ಒಲೆ, ಕೊಡ, ಬಟ್ಟೆಗಂಟುಗಳ ಬದಲಿಗೆ ಶಾಲಾ ಚೀಲಗಳನ್ನು ಇಡಿಸಿದೆವು. ಒಬ್ಬ ಹುಡುಗಿ ಎದ್ದು ಕುಳಿತು, "ಬಟ್ಟೆ ಎಲ್ಲಿ ಬದ್ಲಾಯಿಸೋದು ಸರ್?" ಎಂದಳು. ಆ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಇನ್ನೊಬ್ಬ ಹುಡುಗ ಗೆರೆಯ ಸುತ್ತ ಒಂದು ಸುತ್ತು ನಡೆದು, "ಇದು ನಮ್ಮನೆಗಿಂತ ದೊಡ್ಡದೈತೆ" ಎಂದ. ಈ ಮಾತು ಬಂದೇ ಬರುತ್ತದೆ, ನೀವು ಸಿದ್ಧರಾಗಿರಿ. ನಾನು ಅದಕ್ಕೆ ಸಮಾಧಾನ ಹೇಳಲು ಹೋಗಲಿಲ್ಲ. ಅವನ ಮನೆಯ ಅಳತೆಯನ್ನೂ ಬರೆದುಕೊಂಡೆವು, ಅವನೇ ಅಳೆದು ತಂದ.

ನೀರಿನ ಲೆಕ್ಕ ಇನ್ನೂ ಚೆನ್ನಾಗಿತ್ತು. ನಮ್ಮ ಪ್ಲಾಸ್ಟಿಕ್ ಕೊಡವನ್ನು ಲೀಟರ್ ಪಾತ್ರೆಯಿಂದ ಅಳೆದಾಗ 13 ಲೀಟರ್ ಹಿಡಿಯಿತು. ಹಾಗಾದರೆ ಒಬ್ಬರಿಗೆ ದಿನಕ್ಕೆ ಒಂದು ಕೊಡ ಮತ್ತು ಎರಡು ಲೀಟರ್: ಕುಡಿಯಲು, ಅಡುಗೆಗೆ, ಸ್ನಾನಕ್ಕೆ, ಬಟ್ಟೆಗೆ, ಎಲ್ಲಕ್ಕೂ ಸೇರಿ. ಟ್ಯಾಂಕರ್ ನೀರಿನ ಊರಿನಿಂದ ಬರುವ ಮಕ್ಕಳು, ಬೇಸಿಗೆಯಲ್ಲಿ ತಮಗೂ ಅಷ್ಟೇ ಎಂದರು. ಕೈಪಿಡಿಯ 250 ಜನಕ್ಕೊಂದು ನಲ್ಲಿ ಎಂಬ ಲೆಕ್ಕ ನಿಮಿಷಕ್ಕೆ 7.5 ಲೀಟರ್ ಹರಿವನ್ನು ಆಧರಿಸಿದೆ. 250 ಜನಕ್ಕೆ 15 ಲೀಟರಿನಂತೆ 3,750 ಲೀಟರ್. ಅದನ್ನು ತುಂಬಿಸಲು 500 ನಿಮಿಷ, ಎಂದರೆ 8 ಗಂಟೆ 20 ನಿಮಿಷ. ಗಣಿತದಲ್ಲಿ ಹಿಂದುಳಿದಿದ್ದ ಒಬ್ಬ ಹುಡುಗ ಉತ್ತರ ಬಂದ ಮೇಲೆ, "ಕೊನೇಲಿ ನಿಂತವರು ಸ್ಕೂಲಿಗೆ ಹೋಗೋದು ಯಾವಾಗ?" ಎಂದ. ಶೌಚಾಲಯದ ಲೆಕ್ಕಕ್ಕೆ ಬಂದಾಗ ಮಕ್ಕಳು ತಮ್ಮಷ್ಟಕ್ಕೆ ತಾವೇ ನಮ್ಮ ಶಾಲೆಯದನ್ನೂ ಹಾಕಿಬಿಟ್ಟರು. ಉತ್ತರವನ್ನು ಇಲ್ಲಿ ಹೇಳುವುದಿಲ್ಲ; ಮುಖ್ಯೋಪಾಧ್ಯಾಯರು ಎರಡು ದಿನ ನನ್ನೊಡನೆ ಮಾತು ಬಿಟ್ಟಿದ್ದರು.

ಹತ್ತು ನಿಮಿಷದಲ್ಲಿ ಮನೆ ಬಿಡಬೇಕಾದರೆ ಚೀಲದಲ್ಲಿ ಏನು ತುಂಬುತ್ತೀರಿ ಎಂಬ ಚಟುವಟಿಕೆ ನಿಮಗೆ ಗೊತ್ತೇ ಇರುತ್ತದೆ. ಬರೆಯಿಸಿ, ಆಡಿಸಬೇಡಿ. ಸಿಳ್ಳೆ ಊದಿ, ಸೈನಿಕರ ವೇಷ ಹಾಕಿಸಿ ಮಕ್ಕಳನ್ನು ಓಡಿಸುವವರಿದ್ದಾರೆ. ಅದು ಜಾತ್ರೆಯ ಮೋಜಾಗುತ್ತದೆ, ಇಲ್ಲವೇ ಮನೆಯಲ್ಲಿ ಹೊಡೆತ ಬಡಿತ ಕಂಡ ಮಗುವನ್ನು ನಿಜವಾಗಿ ಹೆದರಿಸುತ್ತದೆ. ನಮ್ಮ ಮಕ್ಕಳ ಪಟ್ಟಿಗಳಲ್ಲಿ ರೇಷನ್ ಕಾರ್ಡ್, ಆಧಾರ್, ಚಾರ್ಜರ್ ಇದ್ದವು. ಒಬ್ಬ ಮೇಕೆಮರಿ ಎಂದು ಬರೆದಿದ್ದ. ಒಬ್ಬಳು ಪಹಣಿ ಎಂದು ಬರೆದಿದ್ದಳು. ಹೊಲ ನಮ್ಮದೆಂದು ತೋರಿಸಲು ಬೇಕಲ್ಲ ಎಂದಳು. ನಿರಾಶ್ರಿತರ ಬದುಕಿನಲ್ಲಿ ಕಾಗದದ ಚೂರೊಂದರ ಬೆಲೆ ಏನೆಂಬುದಕ್ಕೆ ಅಲ್ಲಿಂದ ಹೋಗಬಹುದು: ದೇಶ ಕಳೆದುಕೊಂಡವರಿಗಾಗಿ 1922ರಲ್ಲಿ ಶುರುವಾದ ನಾನ್ಸೆನ್ ಪಾಸ್‌ಪೋರ್ಟಿನ ಕಥೆಯನ್ನು ನಾನು ಆ ಪಹಣಿಯಿಂದಲೇ ಎತ್ತಿಕೊಂಡೆ.

ಈಗ ಹಣದ ಮಾತು. ಮಕ್ಕಳನ್ನು ಡಬ್ಬ ಹಿಡಿಸಿ ಬಸ್ ನಿಲ್ದಾಣಕ್ಕೆ ಕಳಿಸಬಾರದು. ಯಾರು ಎಷ್ಟು ಕೊಟ್ಟರೆಂಬ ಪಟ್ಟಿಯನ್ನು ಫಲಕಕ್ಕೆ ಹಾಕಬಾರದು. ಬಹುಮಾನವಂತೂ ಬೇಡವೇ ಬೇಡ. ಮಾವನ ಲಕೋಟೆಯನ್ನು ನೆನಪಿಗೆ ತಂದುಕೊಳ್ಳಿ: ಬರೆದವನು ಗಿರಣಿಯ ಕೂಲಿಯಾಗಿರಲಿ, ಮಾಲೀಕನಾಗಿರಲಿ, 5 ಪೈಸೆ. ಆದರೆ 20 ಪೈಸೆಯ ಲಕೋಟೆಗೆ 5 ಪೈಸೆ ಎಂದರೆ ಕಾಲು ಪಾಲಾಯಿತು, ಕೂಲಿಯವನಿಗೆ ಅದು ಹೆಚ್ಚಲ್ಲವೇ ಎಂದು ಒಬ್ಬ ವಿದ್ಯಾರ್ಥಿ ತೆಗೆದ ತಕರಾರಿನ ಮೇಲೆ ಒಂದು ಅವಧಿ ಚರ್ಚೆ ನಡೆಯಿತು. ಕೊನೆಗೆ ಯಾರೂ ಮನೆಯಿಂದ ಹಣ ತರುವುದು ಬೇಡ, ದುಡಿದೇ ಕೂಡಿಸೋಣ ಎಂದು ತೀರ್ಮಾನವಾಯಿತು.

ಶಾಲೆಯಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಸಂತೆ ನಡೆಯುತ್ತದೆ. ಅದರಲ್ಲಿ ಒಂದು ಮಂಡಕ್ಕಿ ಮಿರ್ಚಿ ಅಂಗಡಿ. ಎಣ್ಣೆಯ ಬಾಣಲೆಯ ಹತ್ತಿರ ಇಬ್ಬರು ತಾಯಂದಿರು ಕುಳಿತರು, ಉಳಿದದ್ದೆಲ್ಲ ಮಕ್ಕಳದು. ಅಂಗಡಿಯ ಮುಂದೆ ಯಾರ ಚಿತ್ರವೂ ಇರಲಿಲ್ಲ, ಸೀಮೆಸುಣ್ಣದ 17.5 ಚದರ ಮೀಟರ್ ಗೆರೆ ಇತ್ತು, ಪಕ್ಕದಲ್ಲಿ ನೀರು ತುಂಬಿದ ಕೊಡ ಇತ್ತು. ಮಂಡಕ್ಕಿ ಕೊಳ್ಳಲು ಬಂದವರು ಇದೇನೆಂದು ಕೇಳುವರು, ಮಕ್ಕಳು ವಿವರಿಸುವರು. ಕೊಡವನ್ನು ಎತ್ತಿ ನೋಡಿದವರಲ್ಲಿ ಹೆಚ್ಚಿನವರು ಗಂಡಸರು, ಹೆಂಗಸರಿಗೆ ಅದರ ತೂಕ ಗೊತ್ತೇ ಇತ್ತು.

ಸಂಜೆ ಲೆಕ್ಕಕ್ಕೆ ಕುಳಿತೆವು. ಮಾರಿದ್ದು 3,870 ರೂಪಾಯಿ, ಖರ್ಚು 1,530, ಉಳಿದದ್ದು 2,340. ಲಾಭವೆಲ್ಲ ನಿರಾಶ್ರಿತರಿಗೆ ಎಂದು ನಾವು ಹಲಗೆ ಹಾಕಿದ್ದೆವು. ಮೊತ್ತವನ್ನು ಬರೆಯಲು ಹೊರಟಾಗ ಲೆಕ್ಕ ಹಿಡಿದಿದ್ದ ಹುಡುಗ ಪೆನ್ನು ಕೆಳಗಿಟ್ಟ. ಎಣ್ಣೆ, ಈರುಳ್ಳಿ, ಒಂದು ಮೂಟೆ ಮಂಡಕ್ಕಿ ಮನೆಗಳಿಂದ ಬಂದದ್ದು, ಅದಕ್ಕೆ ಬೆಲೆ ಹಾಕಿಲ್ಲ, ಹಾಗಾಗಿ ಇದು ಲಾಭವಲ್ಲ ಎಂಬುದು ಅವನ ವಾದ. ಅಂಗಡಿಯ ದರದಲ್ಲಿ ಬೆಲೆ ಕಟ್ಟಿದಾಗ 610 ರೂಪಾಯಿ ಆಯಿತು. ಪುಸ್ತಕದಲ್ಲಿ ಎರಡು ಸಾಲು ಬರೆದೆವು: ವ್ಯಾಪಾರದ ಲಾಭ 1,730, ಪಾಲಕರ ದೇಣಿಗೆ 610. ಕಳಿಸಿದ್ದು ಅದೇ 2,340 ರೂಪಾಯಿಯೇ. ಆದರೂ ಯಾರು ಕೊಟ್ಟದ್ದು, ಯಾರು ದುಡಿದದ್ದು ಎಂದು ಬಿಡಿಸಿ ಹೇಳುವ ಆ ಎರಡು ಸಾಲು ನನ್ನ ಮೂವತ್ತು ವರ್ಷದ ಪೌರನೀತಿಯ ಪಾಠಗಳಿಗಿಂತ ಹೆಚ್ಚು ತೂಕದ್ದು.

ಎಲ್ಲಿಗೆ ಕಳಿಸುವುದು ಎಂಬ ಆಯ್ಕೆಯೂ ಮಕ್ಕಳದಾಗಲಿ, ಆದರೆ ಕಾಗದ ನೋಡಿ ಆಗಲಿ. ಸಂಸ್ಥೆ ನೋಂದಾಯಿತವೇ, ಲೆಕ್ಕಪರಿಶೋಧನೆಯ ವರದಿ ಕೊಡುತ್ತದೆಯೇ, ರಸೀದಿ ಕೊಡುತ್ತದೆಯೇ ಎಂಬ ಮೂರು ಪ್ರಶ್ನೆಗೆ ಉತ್ತರ ಬರದಿದ್ದರೆ ಆ ಹೆಸರು ಪಟ್ಟಿಯಿಂದ ಹೋಗಲಿ. ನಗದು ಕೊಡಬೇಡಿ, ಬ್ಯಾಂಕಿನ ಮೂಲಕವೇ ಕಳಿಸಿ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯ ನಡಾವಳಿಯಲ್ಲಿ ಬರೆಯಿಸಿ. ಹಳೆ ಬಟ್ಟೆ ಮಾತ್ರ ಕೂಡಿಸಲೇಬೇಡಿ. 2009ರ ಅಕ್ಟೋಬರಿನಲ್ಲಿ ಉತ್ತರ ಕರ್ನಾಟಕದಲ್ಲಿ ನೆರೆ ಬಂದಾಗ ನಾನೇ ಮುಂದೆ ನಿಂತು ಒಂಬತ್ತು ಮೂಟೆ ಬಟ್ಟೆ ಕಳಿಸಿದ್ದೆ. ಲಾರಿಯ ಜೊತೆ ಹೋದವರು ಬಂದು ಹೇಳಿದರು: ಅಲ್ಲಿ ಆಗಲೇ ಬಟ್ಟೆಯ ಗುಡ್ಡ ಬಿದ್ದಿತ್ತು, ನಮ್ಮ ಮೂಟೆಗಳನ್ನು ಬಿಚ್ಚಲೇ ಇಲ್ಲ. ಗುಂಡಿ ಕಿತ್ತ ಯೂನಿಫಾರ್ಮುಗಳನ್ನು ಮೂಟೆಗೆ ತುಂಬಿದ್ದವನು ನಾನೇ ಆದ್ದರಿಂದ ಬಿಚ್ಚದಿದ್ದುದೇ ಒಳ್ಳೆಯದಾಯಿತೆನ್ನಿಸಿತು.

ಎರಡು ಆಕ್ಷೇಪಗಳು ನಿಮಗೂ ಎದುರಾಗುತ್ತವೆ. ಮೊದಲನೆಯದು, ನಮ್ಮಲ್ಲೇ ಬಡವರಿಲ್ಲವೇ ಎಂಬುದು. ನಮ್ಮ ಎಸ್‌ಡಿಎಂಸಿಯ ಒಬ್ಬ ಸದಸ್ಯರು ಸಭೆಯಲ್ಲೇ ಎದ್ದು ಕೇಳಿದರು. ಅವರ ಮಗ ಸೊಸೆ ಆ ಹೊತ್ತಿನಲ್ಲಿ ಗುಳೆ ಹೋಗಿದ್ದರು, ಕೇಳುವ ಹಕ್ಕು ಅವರಿಗಿತ್ತು. ಪ್ರಶ್ನೆಯನ್ನು ಹಾಗೆಯೇ ತರಗತಿಯ ಮುಂದಿಟ್ಟೆ. ಸಂತೆಯ ಹಣದ ತೀರ್ಮಾನವನ್ನು ಮಕ್ಕಳು ಬದಲಿಸಲಿಲ್ಲ, ಆದರೆ ಗುಳೆ ಹೋಗಿ ನಡುವರ್ಷದಲ್ಲಿ ಮರಳುವ ಮಕ್ಕಳಿಗಾಗಿ ಪ್ರತಿ ವಿಷಯದ ನೋಟ್ಸಿನ ಒಂದು ಪ್ರತಿಯನ್ನು ಸರದಿಯ ಮೇಲೆ ಬರೆದಿಡುವ ಪದ್ಧತಿ ಶುರುಮಾಡಿದರು. ಸದಸ್ಯರಿಗೆ ಪೂರ್ತಿ ಸಮಾಧಾನವಾಯಿತೆಂದು ಹೇಳಲಾರೆ, ಆದರೆ ಸಂತೆಯ ದಿನ ಮೊದಲ ಪೊಟ್ಟಣ ಕೊಂಡವರು ಅವರೇ.

ಎರಡನೆಯದು ರಾಜಕೀಯದ ಭಯ. ರೋಹಿಂಗ್ಯಾ ಎಂಬ ಹೆಸರೆತ್ತಿದರೆ, 2019ರ ಪೌರತ್ವ ತಿದ್ದುಪಡಿ ಕಾಯ್ದೆಯ ಪ್ರಸ್ತಾಪ ಬಂದರೆ ಶಿಕ್ಷಕರು ಪಾಠವನ್ನೇ ಮುಚ್ಚಿಬಿಡುತ್ತಾರೆ. ನಾನು ನನ್ನ ಅಭಿಪ್ರಾಯ ಹೇಳುತ್ತಿರಲಿಲ್ಲ, ಪಠ್ಯವನ್ನು ಓದಿಸುತ್ತಿದ್ದೆ. ಭಾರತವು 1951ರ ಒಪ್ಪಂದಕ್ಕಾಗಲಿ 1967ರ ಪೂರಕ ಒಪ್ಪಂದಕ್ಕಾಗಲಿ ಸಹಿ ಹಾಕಿಲ್ಲ, ನಿರಾಶ್ರಿತರಿಗೆಂದೇ ಬೇರೆ ಕಾಯ್ದೆ ನಮ್ಮಲ್ಲಿಲ್ಲ. ಆದರೆ ನಮ್ಮ ಸಂವಿಧಾನದ 19ನೆಯ ವಿಧಿ 'ನಾಗರಿಕರು' ಎನ್ನುತ್ತದೆ, 21ನೆಯ ವಿಧಿ 'ವ್ಯಕ್ತಿ' ಎನ್ನುತ್ತದೆ. ಈ ಎರಡು ಪದಗಳಿಗೆ ಅಡಿಗೆರೆ ಎಳೆಯಿರಿ ಎಂದರೆ ಸಾಕು, ಚರ್ಚೆ ತಾನಾಗಿ ನಡೆಯುತ್ತದೆ. ಚಕ್ಮಾ ಜನರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1996ರಲ್ಲಿ ನಾಗರಿಕರಿರಲಿ ಅಲ್ಲದಿರಲಿ, ಪ್ರತಿಯೊಬ್ಬ ಮನುಷ್ಯನ ಜೀವವನ್ನು ರಕ್ಷಿಸುವುದು ರಾಜ್ಯದ ಹೊಣೆ ಎಂದು ಹೇಳಿದ್ದು ಆ 'ವ್ಯಕ್ತಿ' ಎಂಬ ಪದದ ಬಲದಿಂದ. ಯಾರನ್ನು ಒಳಗೆ ಬಿಡಬೇಕು, ಎಷ್ಟು ಕಾಲ ಇರಿಸಿಕೊಳ್ಳಬೇಕು ಎಂಬುದರಲ್ಲಿ ನಮ್ಮ ತರಗತಿ ಒಮ್ಮತಕ್ಕೆ ಬರಲಿಲ್ಲ. ಬರಬೇಕೆಂದು ನಾನೂ ಒತ್ತಾಯಿಸಲಿಲ್ಲ.

ವಿಶ್ವ ನಿರಾಶ್ರಿತರ ದಿನ ಜೂನ್ 20. ಆಗ ನಮ್ಮಲ್ಲಿ ದಾಖಲಾತಿ, ಪಠ್ಯಪುಸ್ತಕ, ಸಮವಸ್ತ್ರದ ಗಡಿಬಿಡಿ. ಆ ದಿನ ಲಕೋಟೆಯನ್ನೋ ಅಂಥದ್ದೇ ಒಂದು ವಸ್ತುವನ್ನೋ ತೋರಿಸಿ ಬಿಟ್ಟುಬಿಡಿ. ಅಳತೆಗಳು ಆಗಸ್ಟಿನಲ್ಲಿ, ಸ್ವೆಟರ್ ಅಂಗಡಿ ಬಂದಾಗ ಮಾತುಕತೆ, ಸಂತೆ ಅದಾದ ಮೇಲೆ. ವರ್ಷಪೂರ್ತಿ ಹನ್ನೆರಡು ಅವಧಿಗಿಂತ ಹೆಚ್ಚು ಬೇಡ.

ನಮ್ಮ 2,340 ರೂಪಾಯಿಗೆ ರಸೀದಿ ಬರಲು ಎರಡು ತಿಂಗಳು ಹಿಡಿಯಿತು. ಪ್ರತಿ ಸೋಮವಾರ ಮಕ್ಕಳು ಕೇಳುತ್ತಿದ್ದರು. ಬಂದಾಗ ಅದು ಮುಖ್ಯೋಪಾಧ್ಯಾಯರ ಸ್ವಂತ ಹೆಸರಿನಲ್ಲಿತ್ತು. ಹಣ ಅವರದಲ್ಲ ಎಂದು ಹೇಳಿ ಮಕ್ಕಳು ಆ ರಸೀದಿಯನ್ನು ಒಪ್ಪಲಿಲ್ಲ. ಲೆಕ್ಕದ ಹುಡುಗ ಇನ್‌ಲ್ಯಾಂಡ್ ಪತ್ರದಲ್ಲಿ ಲಾಭ, ದೇಣಿಗೆ ಎರಡನ್ನೂ ಬಿಡಿಸಿ ಬರೆದು, ಶಾಲೆಯ ಹೆಸರಿಗೆ ಬೇರೆ ರಸೀದಿ ಕೇಳಿದ. ಅದೂ ಬಂತು. ಈಗ ಎರಡೂ ಲೆಕ್ಕದ ಪುಸ್ತಕದಲ್ಲಿವೆ, ತಪ್ಪಿನ ಮೇಲೆ ಕೆಂಪು ಶಾಯಿಯ ಅಡ್ಡಗೆರೆ ಎಳೆದಿದೆ. ಪುಸ್ತಕ ಶಾಲೆಯ ಬೀರುವಿನಲ್ಲಿದೆ. ನೋಡಬೇಕೆನ್ನುವವರು ಬಂದು ನೋಡಬಹುದು. ಸಂತೆಯ ದಿನದ ಪುಟವನ್ನು ಹುಡುಕುವುದು ಕಷ್ಟವಲ್ಲ, ಅದಕ್ಕೆ ಮಿರ್ಚಿಯ ಎಣ್ಣೆ ಬಿದ್ದಿದೆ.